ಎಲ್‌ಕೆಜಿ ಮಗ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತಾನೆ: ಕಾಯಬೇಕೇ, ಡಾಕ್ಟರಿಗೆ ತೋರಿಸಬೇಕೇ?

ಕಾವೇರಿತೀರ, ಮೈಸೂರು

ಮಗನಿಗೆ ಈಗ ನಾಲ್ಕು ವರ್ಷ ಎರಡು ತಿಂಗಳು. ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿಸಿದೆವು. ಮಾತು ಅರಳು ಹುರಿದಂತೆ. ರಾತ್ರಿ ಕೇಳಿದ ಕಥೆಯನ್ನು ಬೆಳಗ್ಗೆ ಒಂದು ಪದವೂ ಬಿಡದೆ ತಾತನಿಗೆ ಒಪ್ಪಿಸುತ್ತಾನೆ. ತೊಂದರೆ ಬರವಣಿಗೆಯದು. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು, ಇಡೀ ತೋಳು ಆಡಿಸಿ ಗೀಚುತ್ತಾನೆ. ಎರಡು ಸಾಲು ಮುಗಿಯುವಷ್ಟರಲ್ಲಿ ಕೈ ನೋಯುತ್ತದೆ ಎಂದು ಮೇಜಿನ ಮೇಲೆ ತಲೆ ಇಟ್ಟುಬಿಡುತ್ತಾನೆ. ಶಾಲೆಯ ಡೈರಿಯಲ್ಲಿ ಕೆಂಪು ಶಾಯಿಯ ಟಿಪ್ಪಣಿ ತಪ್ಪುವುದಿಲ್ಲ: ‘ಅ, ಆ ಎರಡು ಗೆರೆಯ ನಡುವೆ ಬರೆಸಿ. ಮನೆಯಲ್ಲಿ ಅಭ್ಯಾಸ ಸಾಲದು.’

ಬರವಣಿಗೆಯೊಂದೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಮೆಟ್ಟಿಲು ಇಳಿಯುವಾಗ ಇನ್ನೂ ಕಂಬಿ ಹಿಡಿದು, ಪ್ರತಿ ಮೆಟ್ಟಿಲಿನ ಮೇಲೂ ಎರಡೂ ಪಾದ ಕೂಡಿಸಿ ಇಳಿಯುತ್ತಾನೆ. ಪಾರ್ಕಿನಲ್ಲಿ ಓರಗೆಯ ಮಕ್ಕಳು ಒಂಟಿಕಾಲಿನಲ್ಲಿ ಕುಪ್ಪಳಿಸುತ್ತಿದ್ದರೆ ಇವನು ಬೆಂಚಿನ ಪಕ್ಕ ಕುಳಿತು ಇರುವೆ ಸಾಲು ನೋಡುತ್ತಿರುತ್ತಾನೆ. ‘ಇವನಪ್ಪನೂ ಹೀಗೇ ಇದ್ದ, ಈಗ ಎಂಜಿನಿಯರ್ ಆಗಿಲ್ಲವೇ’ ಎನ್ನುತ್ತಾರೆ ನಮ್ಮತ್ತೆ. ಎದುರು ಮನೆಯವರು ಥೆರಪಿಗೆ ಸೇರಿಸಿ ಎನ್ನುತ್ತಾರೆ. ಯಾರ ಮಾತು ಕೇಳಲಿ?

ನಿವೃತ್ತ ಮೇಷ್ಟ್ರು, ಹಾವೇರಿ

ಮೊದಲು ಆ ಕೆಂಪು ಶಾಯಿಯ ಬಗ್ಗೆ ಒಂದು ಮಾತು, ತಾಯಿ. ಎಲ್‌ಕೆಜಿ ಮಗುವಿಗೆ ‘ಅ’ ಬರೆಸಿ ಬರವಣಿಗೆ ಆರಂಭಿಸುವುದು ವರ್ಣಮಾಲೆಯ ಕ್ರಮ, ಕೈಯ ಕ್ರಮವಲ್ಲ. ಆ ಅಕ್ಷರದಲ್ಲಿ ಸುರುಳಿ ಇದೆ, ತಿರುವು ಇದೆ, ಒಳಗೆ ಬಂದು ಸೇರುವ ಗೆರೆ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಆರಂಭವಾಗಿ ರಾಜ್ಯಕ್ಕೆಲ್ಲ ಹಬ್ಬಿದ, ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿಯಲ್ಲಿ ನಾವು ಕಲಿಸುತ್ತಿದ್ದದ್ದು ‘ರ, ಗ, ಸ, ದ, ಅ’ ಎಂಬ ಸಾಲಿನಲ್ಲಿ. ‘ರ’ ಎಂದರೆ ಒಂದು ದುಂಡು ಮತ್ತು ತಲೆಕಟ್ಟು, ಅಷ್ಟೇ. ಐದು ಅಕ್ಷರ ಬಂದ ಕೂಡಲೇ ಸರ, ಅರಸ, ಅಗಸ, ಗರಗಸ ಎಂದು ಪದ ಕಟ್ಟಬಹುದು, ಮಗುವಿಗೂ ಹುರುಪು. ಅದು ಕೂಡ ಒಂದನೇ ತರಗತಿಯಲ್ಲಿ, ಆರು ವರ್ಷದ ಮಕ್ಕಳಿಗೆ. ನಿಮ್ಮ ಮಗ ನಾಲ್ಕಕ್ಕೆ ಎರಡು ಗೆರೆಯ ಕಾಪಿ ಪುಸ್ತಕದಲ್ಲಿ ಒದ್ದಾಡುತ್ತಿದ್ದಾನೆ.

ಸ್ಲೇಟು ಬಳಪ ಬಿಟ್ಟಿದ್ದು ದೊಡ್ಡ ನಷ್ಟ ಎಂದು ನನ್ನ ಹಟ. ಸವೆದು ಗಿಡ್ಡವಾದ ಬಳಪದ ತುಂಡನ್ನು ಯಾವ ಮಗುವೂ ಮುಷ್ಟಿಯಲ್ಲಿ ಹಿಡಿಯಲಾರದು. ತುದಿಬೆರಳು ಬಳಸದೆ ಗತ್ಯಂತರವೇ ಇಲ್ಲ. ಸ್ಲೇಟಿನ ಮೇಲೆ ಬಳಪ ಸ್ವಲ್ಪ ಎಳೆಯುತ್ತದೆ, ಹಾಗಾಗಿ ಗೆರೆ ಎಲ್ಲಿಗೆ ಹೋಗುತ್ತಿದೆ ಎಂಬುದು ಕೈಗೆ ತಿಳಿಯುತ್ತದೆ. ತಪ್ಪಾದರೆ ಅಂಗೈಯಲ್ಲಿ ಒರೆಸಿದರಾಯಿತು, ಡೈರಿಗೆ ಸುದ್ದಿ ಹೋಗುವುದಿಲ್ಲ.

ಥೆರಪಿ ಕೋಣೆ, ಬೆಂಗಳೂರು

ಮಕ್ಕಳ ಆಕ್ಯುಪೇಷನಲ್ ಥೆರಪಿಸ್ಟ್ ಆಗಿ ಕೆಲಸ ಮಾಡುತ್ತೇನೆ, ಅಂದರೆ ಬರೆಯುವುದು, ಗುಂಡಿ ಹಾಕುವುದು ಮುಂತಾದ ದಿನನಿತ್ಯದ ಕೆಲಸಗಳನ್ನು ಮಕ್ಕಳಿಗೆ ರೂಢಿ ಮಾಡಿಸುವುದು. ಬಳಪದ ತುಂಡಿನ ವಿಷಯದಲ್ಲಿ ಮೇಷ್ಟ್ರ ಹಟಕ್ಕೆ ನನ್ನ ಓಟು. ನಾವೂ ಕ್ರೇಯಾನನ್ನು ಮುರಿದು ಅರ್ಧ ತುಂಡು ಕೊಡಿ ಎಂದೇ ಹೇಳುತ್ತೇವೆ.

ಮೇಡಂ, ನೀವು ಎರಡು ಬೇರೆ ಬೇರೆ ದೂರು ಎಂದುಕೊಂಡು ಬರೆದಿದ್ದೀರಿ: ಪೆನ್ಸಿಲು ಒಂದು, ಮೆಟ್ಟಿಲು ಇನ್ನೊಂದು. ನನಗೆ ಅವು ಒಟ್ಟಿಗೆ ಕಾಣುತ್ತವೆ. ನಡೆಯುವುದು, ಜಿಗಿಯುವುದು, ಹತ್ತುವುದು ಸ್ಥೂಲ ಚಲನೆ. ಹೆಕ್ಕುವುದು, ಪೋಣಿಸುವುದು, ಬರೆಯುವುದು ಸೂಕ್ಷ್ಮ ಚಲನೆ. ಪಠ್ಯದಲ್ಲಿ ಎರಡು ಅಧ್ಯಾಯ, ಮಗುವಿಗೆ ಒಂದೇ ದೇಹ. ಬೆರಳು ನವಿರಾಗಿ ಆಡಬೇಕಾದರೆ ಮಣಿಕಟ್ಟು ಅಲುಗದೆ ನಿಲ್ಲಬೇಕು, ಅದಕ್ಕೆ ಮೊಣಕೈ, ಅದಕ್ಕೆ ಭುಜ, ಭುಜಕ್ಕೆ ಬೆನ್ನು ಮತ್ತು ಹೊಟ್ಟೆಯ ಸ್ನಾಯು. ಎರಡು ಸಾಲಿಗೆ ತಲೆ ಮೇಜಿಗೆ ಬೀಳುತ್ತದೆ ಎಂದಿರಿ. ಆ ಮಗುವಿಗೆ ದಣಿವು ಬೆರಳಿನಲ್ಲಿ ಆರಂಭವಾಗಿರಲಿಕ್ಕಿಲ್ಲ. ನೆಟ್ಟಗೆ ಕೂರುವುದಕ್ಕೇ ಅವನ ಅರ್ಧ ಶಕ್ತಿ ಖರ್ಚಾಗುತ್ತಿರಬಹುದು. ನೆಲದ ಮೇಲೆ ಆಡುವಾಗ ಮಂಡಿ ಮಡಿಸಿ ಪಾದಗಳನ್ನು ಎರಡೂ ಪಕ್ಕಕ್ಕೆ ಚಾಚಿ ಕೂರುತ್ತಾನೆಯೇ, ಗಮನಿಸಿ ಹೇಳಿ.

ಹಿಡಿತಕ್ಕೂ ಒಂದು ಸಹಜ ಸರಣಿ ಇದೆ. ಒಂದು ಒಂದೂವರೆ ವರ್ಷಕ್ಕೆ ಮುಷ್ಟಿ. ಎರಡು ಮೂರರ ಹೊತ್ತಿಗೆ ಅಂಗೈ ಕೆಳಮುಖವಾಗಿ, ಬೆರಳುಗಳೆಲ್ಲ ಪೆನ್ಸಿಲಿನ ಮೇಲೆ. ಮೂರೂವರೆ ನಾಲ್ಕಕ್ಕೆ ಮೂರು ಬೆರಳಿನ ಹಿಡಿತ ಬಂದರೂ ಚಲನೆ ಇನ್ನೂ ಮಣಿಕಟ್ಟಿನದೇ. ಬೆರಳುಗಳೇ ಪೆನ್ಸಿಲನ್ನು ಆಡಿಸುವ ಹಿಡಿತ ನಾಲ್ಕೂವರೆಯಿಂದ ಆರರ ನಡುವೆ ಬರುತ್ತದೆ. ಆಕಾರಗಳಿಗೂ ಹಾಗೆಯೇ: ಮೂರಕ್ಕೆ ದುಂಡು, ನಾಲ್ಕಕ್ಕೆ ಕೂಡಿಸುವ ಚಿಹ್ನೆ, ನಾಲ್ಕೂವರೆ ಐದಕ್ಕೆ ಚೌಕ, ಐದು ದಾಟಿದ ಮೇಲೆ ತ್ರಿಕೋನ. ಮೇಷ್ಟ್ರು ಹೇಳಿದ ಸುರುಳಿಗಳನ್ನು ಈ ಸಾಲಿನಲ್ಲಿ ಎಲ್ಲಿ ಇಡಬೇಕು, ನೀವೇ ಹೇಳಿ.

ಹಾಗೆಂದು ಮುಷ್ಟಿ ಹಿಡಿತ ನಾಲ್ಕಕ್ಕೆ ಸಹಜ ಎಂದು ನಾನು ಹೇಳುತ್ತಿಲ್ಲ. ಸ್ವಲ್ಪ ಹಿಂದಿದೆ. ಪೆನ್ಸಿಲನ್ನು ಆರು ವಾರ ಕಪಾಟಿನಲ್ಲಿ ಇಟ್ಟುಬಿಡಿ. ಗೋಡೆಗೆ ಹಳೆಯ ಕ್ಯಾಲೆಂಡರ್ ತಿರುಗಿಸಿ ಅಂಟಿಸಿ, ನಿಂತು ಬಣ್ಣ ಬಳಿಯಲಿ. ನೇರ ನಿಂತ ಹಾಳೆಯ ಮೇಲೆ ಮಣಿಕಟ್ಟು ತಾನಾಗಿ ಹಿಂದಕ್ಕೆ ಬಾಗುತ್ತದೆ, ಭುಜವೂ ದುಡಿಯುತ್ತದೆ. ನೀವು ಕಾಲು ಎತ್ತಿ ಹಿಡಿದು ಅವನು ಕೈಯ ಮೇಲೆ ನಡೆಯಲಿ. ಅಡುಗೆಮನೆಗಿಂತ ಒಳ್ಳೆಯ ಥೆರಪಿ ಕೋಣೆ ನನ್ನ ಬಳಿಯೂ ಇಲ್ಲ: ಚಪಾತಿ ಹಿಟ್ಟು ನಾದುವುದು, ಬಟಾಣಿ ಸುಲಿಯುವುದು, ನೆನೆಸಿದ ಅವರೆಕಾಳು ಹಿದುಕುವುದು, ಒಣಗಿದ ಬಟ್ಟೆಯ ಕ್ಲಿಪ್ ತೆಗೆಯುವುದು. ಅವರೆಕಾಳು ಹಿದುಕುವುದಂತೂ ಹೆಬ್ಬೆರಳು ತೋರುಬೆರಳಿಗೆ ಹೇಳಿ ಮಾಡಿಸಿದ ವ್ಯಾಯಾಮ. ಕಾಳು ಹಾರಿ ಮುಖಕ್ಕೆ ಬಡಿದರೆ ನಗುವೂ ಸಿಗುತ್ತದೆ.

ಶಾಲೆಯಲ್ಲಿ ಬೆಂಚಿನ ಮೇಲೆ ಕೂತಾಗ ಅವನ ಕಾಲು ನೆಲ ಮುಟ್ಟುತ್ತದೆಯೇ? ತೂಗಾಡುತ್ತಿದ್ದರೆ ಕೆಳಗೊಂದು ಮಣೆ ಇಡಿಸಿ. ಬರೆಯುವ ಹಲಗೆ ಮೊಣಕೈ ಮಟ್ಟಕ್ಕೆ ಇರಬೇಕು.

ಹೊಸ ಅಪ್ಪ, ತುಮಕೂರು

ವಾಟ್ಸ್‌ಆ್ಯಪ್‌ನಲ್ಲಿ ಒಂದು ಎಕ್ಸ್‌ರೇ ಚಿತ್ರ ಓಡಾಡುತ್ತಿದೆ, ಚಿಕ್ಕ ಮಗುವಿನ ಕೈ ಮತ್ತು ದೊಡ್ಡ ಮಗುವಿನ ಕೈ. ಚಿಕ್ಕ ಮಗುವಿನ ಮಣಿಕಟ್ಟಿನಲ್ಲಿ ಮೂಳೆಯೇ ಕಾಣುವುದಿಲ್ಲ. ಆದ್ದರಿಂದ ಬರೆಸಬಾರದು ಎಂದು ಅದರ ಸಾರಾಂಶ. ನಿಜವೇ?

ದಾವಣಗೆರೆ ಡಾಕ್ಟರ್

ಚಿತ್ರ ನಿಜ, ಸಾರಾಂಶ ಅರ್ಧಂಬರ್ಧ. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವೆಲ್ಲ ಮೃದ್ವಸ್ಥಿ, ಅಂದರೆ ಇನ್ನೂ ಗಟ್ಟಿಯಾಗದ ಮೆತ್ತನೆಯ ಎಲುಬು, ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಮೊದಲ ಎರಡು ಕೆಲವೇ ತಿಂಗಳಲ್ಲಿ ಮೂಡುತ್ತವೆ, ನಾಲ್ಕು ವರ್ಷದ ಹೊತ್ತಿಗೆ ಮೂರೋ ನಾಲ್ಕೋ ಕಾಣುತ್ತವೆ, ಕೊನೆಯದು ಸುಮಾರು ಒಂಬತ್ತರಿಂದ ಹನ್ನೆರಡರ ನಡುವೆ. ಮೂಳೆ ಪೂರ್ತಿ ಆಗುವವರೆಗೆ ಕಾಯಬೇಕಾದರೆ ಮಕ್ಕಳು ಐದನೇ ತರಗತಿಯಲ್ಲಿ ಓಂ ಬರೆಯಬೇಕಾಗುತ್ತದೆ. ಬರವಣಿಗೆಯನ್ನು ನಿರ್ಧರಿಸುವುದು ಮುಖ್ಯವಾಗಿ ಮಿದುಳು, ನರ, ಸ್ನಾಯುಗಳ ಹೊಂದಾಣಿಕೆ ಮತ್ತು ರೂಢಿ. ಬೇಗ ಬರೆಸಬಾರದು ಎಂಬುದಕ್ಕೆ ಒಳ್ಳೆಯ ಕಾರಣಗಳಿವೆ, ಈ ಎಕ್ಸ್‌ರೇ ಅವುಗಳಲ್ಲಿ ಒಂದಲ್ಲ.

ಕಾವೇರಿತೀರ ಅವರೇ, ಮಕ್ಕಳ ವೈದ್ಯನಾಗಿ ನನಗೆ ಅಕ್ಷರಕ್ಕಿಂತ ಮೆಟ್ಟಿಲಿನ ಮೇಲೆ ಕಣ್ಣು. ಸಾಮಾನ್ಯವಾಗಿ ಮೂರು ವರ್ಷಕ್ಕೆ ಮಕ್ಕಳು ಒಂದರ ನಂತರ ಒಂದು ಕಾಲಿಟ್ಟು ಮೆಟ್ಟಿಲು ಹತ್ತುತ್ತಾರೆ, ನಾಲ್ಕಕ್ಕೆ ಹಾಗೆಯೇ ಇಳಿಯುತ್ತಾರೆ, ಒಂಟಿಕಾಲಿನಲ್ಲಿ ಒಂದೆರಡು ಸಲವಾದರೂ ಕುಪ್ಪಳಿಸುತ್ತಾರೆ. ಕೆಲವು ಪ್ರಶ್ನೆ: ನೆಲದಿಂದ ಏಳುವಾಗ ಕೈಗಳನ್ನು ಮೊಣಕಾಲು, ತೊಡೆಯ ಮೇಲೆ ಊರಿ, ತನ್ನ ಮೈಯನ್ನೇ ಏರುವಂತೆ ಏಳುತ್ತಾನೆಯೇ? ತುದಿಗಾಲಿನಲ್ಲಿ ನಡೆಯುತ್ತಾನೆಯೇ? ಮೊದಲು ಮಾಡುತ್ತಿದ್ದ ಯಾವುದನ್ನಾದರೂ ಈಗ ಮಾಡಲಾರದೆ ಹೋಗಿದ್ದಾನೆಯೇ? ಮೀನಖಂಡ ವಿಪರೀತ ದಪ್ಪ ಕಾಣುತ್ತದೆಯೇ? ಹುಟ್ಟಿದ್ದು ತಿಂಗಳು ತುಂಬಿಯೇ? ನಡೆದಿದ್ದು ಯಾವಾಗ? ಕಣ್ಣು ಪರೀಕ್ಷೆ ಆಗಿದೆಯೇ?

ಕಾವೇರಿತೀರ, ಮೈಸೂರು

ತಿಂಗಳು ತುಂಬಿ ಹುಟ್ಟಿದ್ದು. ಹದಿನೈದನೇ ತಿಂಗಳಿಗೆ ನಡೆದ. ಅಂಬೆಗಾಲು ಇಡಲೇ ಇಲ್ಲ, ಕುಳಿತಲ್ಲಿಂದ ಕುಂಡೆ ಎಳೆದುಕೊಂಡು ಮನೆಯೆಲ್ಲ ತಿರುಗುತ್ತಿದ್ದ. ಕೈ ಊರಿ ಏಳುವುದಿಲ್ಲ, ತುದಿಗಾಲೂ ಇಲ್ಲ. ಕಲಿತದ್ದು ಮರೆತಿಲ್ಲ. ಥೆರಪಿ ಮೇಡಂ ಹೇಳಿದ ಹಾಗೆಯೇ ಕೂರುತ್ತಾನೆ, ಪಾದ ಎರಡೂ ಪಕ್ಕಕ್ಕೆ. ಕಣ್ಣು ತೋರಿಸಿಲ್ಲ.

ಅಂಬೆಗಾಲು ಇಡದಿದ್ದುದೇ ಇದಕ್ಕೆಲ್ಲ ಮೂಲ ಎಂದು ಒಂದು ವಿಡಿಯೊದಲ್ಲಿ ಹೇಳಿದರು. ಅಂದಿನಿಂದ ನಿದ್ದೆ ಇಲ್ಲ.

ಕಡಲೂರ ಅಜ್ಜಿ, ಕುಮಟಾ

ನಿದ್ದೆ ಮಾಡು ಮಗಳೇ. ನನ್ನ ಮಕ್ಕಳಲ್ಲಿ ಒಬ್ಬಳು ಅಂಬೆಗಾಲು ಇಟ್ಟಳು, ಇನ್ನೊಬ್ಬಳು ಹೊಟ್ಟೆಯ ಮೇಲೆ ತೆವಳಿದಳು, ಮಗ ನಿನ್ನ ಮಗನ ಹಾಗೆ ಕೂತಲ್ಲೇ ಜಾರಿದ. ಹೊಸ್ತಿಲು ದಾಟಿದ ದಿನ ಮೂವರಿಗೂ ಹೊಸ್ತಿಲಿಗೆ ಪೂಜೆ ಮಾಡಿ ಕಡುಬು ಮಾಡಿದ್ದೆವು, ಹೇಗೆ ದಾಟಿದಿರಿ ಎಂದು ಯಾರೂ ಕೇಳಲಿಲ್ಲ. ನನಗೆ ಅರ್ಥವಾಗದ್ದು ಈಗಿನ ಮಕ್ಕಳನ್ನು ಸದಾ ಎಲ್ಲಾದರೂ ಸಿಕ್ಕಿಸಿ ಇಡುವುದು. ಕಾರಿನಲ್ಲಿ ಒಂದು ಕುರ್ಚಿ, ಊಟಕ್ಕೆ ಒಂದು, ಆಡಿಸಲು ಇನ್ನೊಂದು. ನೆಲ ಕಾಣುವುದು ಯಾವಾಗ?

ದಾವಣಗೆರೆ ಡಾಕ್ಟರ್

ಅಜ್ಜಿಯ ಮನೆಯ ಲೆಕ್ಕಕ್ಕೂ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕಕ್ಕೂ ಜಗಳವಿಲ್ಲ. ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳ 816 ಮಕ್ಕಳನ್ನು ಹಿಂಬಾಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ನಮ್ಮ ದೇಶದ ಮಕ್ಕಳು ದೆಹಲಿಯವರು. ಆಸರೆ ಇಲ್ಲದೆ ಕೂರಲು 3.8ರಿಂದ 9.2 ತಿಂಗಳು, ಅಂಬೆಗಾಲಿಗೆ 5.2ರಿಂದ 13.5, ಸ್ವತಂತ್ರವಾಗಿ ನಡೆಯಲು 8.2ರಿಂದ 17.6. ಅಷ್ಟು ಅಗಲವಾದ ಕಿಟಕಿ. ಶೇ 4.3ರಷ್ಟು ಮಕ್ಕಳು ಕೈ ಮತ್ತು ಮಂಡಿ ಊರಿ ಅಂಬೆಗಾಲಿಡುವ ಹಂತವನ್ನು ತೋರಿಸಲೇ ಇಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2022ರಲ್ಲಿ ತನ್ನ ಮೈಲಿಗಲ್ಲುಗಳ ಪಟ್ಟಿ ಪರಿಷ್ಕರಿಸಿದಾಗ ಅಂಬೆಗಾಲನ್ನು ಕೈಬಿಟ್ಟಿತು, ಅದಕ್ಕೆ ಆಕ್ಷೇಪಗಳೂ ಬಂದವು. ನಿಮ್ಮ ಮಗನ ಹದಿನೈದು ತಿಂಗಳು ಕಿಟಕಿಯ ಒಳಗೇ ಇದೆ. ಆ ವಿಡಿಯೊ ಮುಚ್ಚಿಡಿ.

ಆದರೆ ಮಗುವನ್ನು ಒಮ್ಮೆ ತೋರಿಸಿ. ಅವಸರದ ಕಾರಣ ಕಾಣುತ್ತಿಲ್ಲ. ಸ್ನಾಯುಗಳ ಬಿಗುವು, ಕೀಲುಗಳ ಸಡಿಲ, ಕಣ್ಣು, ಅಗತ್ಯ ಕಂಡರೆ ವಿಟಮಿನ್ ಡಿ ಮತ್ತು ಥೈರಾಯ್ಡ್. ಚಲನೆಯ ಹೊಂದಾಣಿಕೆಯ ತೊಂದರೆ ಎಂಬ ಒಂದು ಸ್ಥಿತಿ ಇದೆ, ಡಿಸಿಡಿ ಎನ್ನುತ್ತಾರೆ. ಶಾಲಾ ವಯಸ್ಸಿನ ಮಕ್ಕಳಲ್ಲಿ ಶೇ 5ರಿಂದ 6ರಷ್ಟು ಜನರಿಗೆ ಇರುತ್ತದೆ ಎಂದು ಅಂದಾಜು. ಬುದ್ಧಿಗೆ ಏನೂ ಕಡಿಮೆ ಇರುವುದಿಲ್ಲ. ಗುಂಡಿ ಹಾಕುವುದು, ಚೆಂಡು ಹಿಡಿಯುವುದು, ಬರೆಯುವುದು ಮಾತ್ರ ಏಗಿದಷ್ಟೂ ಸಾಲದು. ಐದು ವರ್ಷಕ್ಕೆ ಮುಂಚೆ ಆ ಹಣೆಪಟ್ಟಿ ಅಂಟಿಸುವುದಿಲ್ಲ. ನೀವೂ ಗೂಗಲ್‌ನಲ್ಲಿ ಹುಡುಕಿ ಅಂಟಿಸಬೇಡಿ.

ಹೊಸ ಅಪ್ಪ, ತುಮಕೂರು

ವಿಷಯಾಂತರಕ್ಕೆ ಕ್ಷಮೆ ಇರಲಿ. ನನ್ನ ಮಗಳಿಗೆ ಎಂಟು ತಿಂಗಳು. ಸೋದರಮಾವ ವಾಕರ್ ತಂದುಕೊಟ್ಟಿದ್ದಾರೆ, ನಡುವೆ ಕೂರಿಸಿದರೆ ಚಕ್ರದ ಮೇಲೆ ಓಡಾಡುವಂಥದ್ದು. ಬೇಗ ನಡೆಯುತ್ತಾಳಂತೆ.

ಥೆರಪಿ ಕೋಣೆ, ಬೆಂಗಳೂರು

ಮಾವನಿಗೆ ಧನ್ಯವಾದ ಹೇಳಿ, ವಾಕರನ್ನು ಅಟ್ಟಕ್ಕೆ ಹಾಕಿ. ಅದರಲ್ಲಿ ಮಗು ತೂಗಾಡುತ್ತಾ ತುದಿಗಾಲಿನಲ್ಲಿ ನೆಲ ತಳ್ಳುತ್ತದೆ. ಸಮತೋಲನ ಕಲಿಯುವ ಅಗತ್ಯವೇ ಬರುವುದಿಲ್ಲ, ತನ್ನ ಪಾದವೂ ಅದಕ್ಕೆ ಕಾಣುವುದಿಲ್ಲ. ಬೇಗ ನಡೆಸುವುದಿರಲಿ, ತಡ ಮಾಡಬಹುದು. ಮೆಟ್ಟಿಲಿನಿಂದ ಉರುಳಿದ, ಬಿಸಿ ಪಾತ್ರೆ ಎಳೆದುಕೊಂಡ ಪ್ರಕರಣಗಳು ಬೇರೆ. ಕೆನಡಾ 2004ರಲ್ಲಿ ಇಂಥ ವಾಕರ್‌ಗಳ ಮಾರಾಟವನ್ನೇ ನಿಷೇಧಿಸಿತು. ನಮ್ಮ ಹಳೆಯ ಮೂರು ಗಾಲಿಯ ಮರದ ತಳ್ಳುಗಾಡಿ ಬೇರೆ ಜಾತಿ: ಅದರ ಹಿಂದೆ ಮಗು ತನ್ನ ಕಾಲ ಮೇಲೆ ತಾನೇ ನಿಂತಿರುತ್ತದೆ. ಚನ್ನಪಟ್ಟಣದಲ್ಲಿ ಈಗಲೂ ಸಿಗುತ್ತದೆ. ಆದರೆ ಅದೂ ಅವಳು ಆಸರೆ ಹಿಡಿದು ಎದ್ದು ನಿಲ್ಲಲು ಕಲಿತ ಮೇಲೆ. ಈಗ ನೆಲದ ಮೇಲೆ ಚಾಪೆ ಹಾಸಿ ಬಿಟ್ಟುಬಿಡಿ.

ಪುಸ್ತಕದ ಹುಳು, ಧಾರವಾಡ

ನಡೆಯಲು ಕಲಿಯುವುದು ಎಷ್ಟು ದುಡಿಮೆಯ ಕೆಲಸ ಎನ್ನುವುದಕ್ಕೆ ನ್ಯೂಯಾರ್ಕ್‌ನ ಸಂಶೋಧಕಿ ಕ್ಯಾರೆನ್ ಅಡಾಲ್ಫ್ ಅವರ ತಂಡ 2012ರಲ್ಲಿ ಕೊಟ್ಟ ಲೆಕ್ಕ ನೋಡಿ. ಹನ್ನೆರಡರಿಂದ ಹತ್ತೊಂಬತ್ತು ತಿಂಗಳ ಮಕ್ಕಳನ್ನು ಆಟದ ಕೋಣೆಯಲ್ಲಿ ಸ್ವತಂತ್ರವಾಗಿ ಬಿಟ್ಟು ಎಣಿಸಿದರು. ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಬೀಳು. ಒಂದು ಗಂಟೆಗೆ! ವಿಡಿಯೊ ತೋರಿಸುತ್ತಾ ಕುರ್ಚಿಯಲ್ಲಿ ಕೂರಿಸಿದ ಪ್ರತಿ ಗಂಟೆಗೂ ಅಷ್ಟು ಹೆಜ್ಜೆ ಖೋತಾ. ಬೀಳುವುದೂ ಪಾಠದ ಭಾಗವೇ, ನಾವು ‘ಅಯ್ಯೋ’ ಎಂದು ಓಡಿಹೋಗಿ ಎತ್ತಿಕೊಳ್ಳುವುದರಿಂದ ಆ ಪಾಠ ಅರ್ಧಕ್ಕೆ ನಿಲ್ಲುತ್ತದೆ.

ಇನ್ನೊಂದು ಕುತೂಹಲ. ತಾಜಿಕಿಸ್ತಾನದಲ್ಲಿ ಗಾಹ್ವೋರಾ ಎಂಬ ತೊಟ್ಟಿಲಿನಲ್ಲಿ ಮಗುವಿನ ಕೈಕಾಲು ಕಟ್ಟಿ ಗಂಟೆಗಟ್ಟಲೆ ಮಲಗಿಸುವ ಪದ್ಧತಿ ಇದೆ. ಅಲ್ಲಿನ ಮಕ್ಕಳು ಕೂರುವುದು, ನಡೆಯುವುದು ಡಾಕ್ಟರ್ ಹೇಳಿದ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕಕ್ಕಿಂತ ತಡ. ಕೀನ್ಯಾದ ಕಿಪ್ಸಿಗಿಸ್ ಸಮುದಾಯದ ತಾಯಂದಿರು ಮಕ್ಕಳಿಗೆ ಕೂರುವುದನ್ನು ಬೇಕೆಂದೇ ಕಲಿಸುತ್ತಾರೆ, ಅಲ್ಲಿ ಬೇಗ. ಅಜ್ಜಿ ಕೇಳಿದ ‘ನೆಲ ಕಾಣುವುದು ಯಾವಾಗ’ ಎಂಬ ಪ್ರಶ್ನೆ ಪ್ರಬಂಧ ಬರೆಯುವಷ್ಟು ದೊಡ್ಡದು.

ಗಡಿನಾಡ ಗುಂಡ, ಬಳ್ಳಾರಿ

ಎಲ್ಲರೂ ಸೇರಿ ಆ ತಾಯಿಯನ್ನು ಹೆದರಿಸುತ್ತಿದ್ದೀರಿ. ನಾವು ಮನೆಯಲ್ಲಿ ಐವರು. ಗೋಲಿ, ಬುಗುರಿ, ಚಿನ್ನಿದಾಂಡು, ಲಗೋರಿ ಆಡಿ ಬೆಳೆದೆವು, ಅಕ್ಕಂದಿರು ಕುಂಟೆಬಿಲ್ಲೆ. ಯಾರಿಗೂ ಥೆರಪಿ ಎಂಬ ಪದವೇ ಗೊತ್ತಿರಲಿಲ್ಲ. ಈಗ ಅಪಾರ್ಟ್‌ಮೆಂಟಿಗೊಂದು ಸೆಂಟರ್, ಅರ್ಧ ಗಂಟೆಗೆ ಸಾವಿರ ರೂಪಾಯಿ. ಮೊದಲು ಮಕ್ಕಳ ಆಟ ಕಸಿದುಕೊಂಡರು, ಈಗ ಅದನ್ನೇ ಪ್ಯಾಕೆಟ್ ಮಾಡಿ ಮಾರುತ್ತಿದ್ದಾರೆ. ಬಿಡಿ, ಎಲ್ಲ ತಾನಾಗಿ ಬರುತ್ತದೆ.

ನೀಲಿಹೂವು, ಶಿವಮೊಗ್ಗ

ಗುಂಡ ಅವರೇ, ಮಾರುವವರ ಬಗ್ಗೆ ನೀವು ಹೇಳಿದ್ದು ಸುಳ್ಳಲ್ಲ. ‘ತಾನಾಗಿ ಬರುತ್ತದೆ’ ಎಂಬ ಮಾತಿಗೆ ಮಾತ್ರ ನನ್ನ ಉತ್ತರ ಇದೆ.

ಮಗಳು ಏಳು ತಿಂಗಳಿದ್ದಾಗ ಗಿಲಕಿ, ಬಿಸ್ಕತ್ತು ಏನು ಕೊಟ್ಟರೂ ಬಲಗೈ ಮಾತ್ರ ಚಾಚುತ್ತಿದ್ದಳು. ಎಡಕ್ಕೆ ಹಿಡಿದರೆ ಮೈ ತಿರುಗಿಸಿ ಬಲಗೈಯನ್ನೇ ತರುತ್ತಿದ್ದಳು. ಎಡಗೈ ಮುಷ್ಟಿ ಕಟ್ಟಿರುತ್ತಿತ್ತು, ಹೆಬ್ಬೆರಳು ಒಳಗೆ. ಬಾಣಂತನಕ್ಕೆ ಬಂದಿದ್ದ ಚಿಕ್ಕಮ್ಮನಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರದೂ ಮೆಚ್ಚುಗೆ: ‘ಈಗಲೇ ಬಲಗೈ ಮಗು, ಎಡಚಿ ಆಗಲಿಲ್ಲ, ಪುಣ್ಯ.’ ಲಸಿಕೆಗೆ ಹೋದಾಗ ಹೇಳಿದೆ, ತೂಕ ಚೆನ್ನಾಗಿದೆ, ಕಾಯೋಣ ಎಂದರು. ತೆವಳುವಾಗಲೂ ಒಂದು ಪಕ್ಕ ಎಳೆದುಕೊಂಡು ಬರುತ್ತಿದ್ದಳು. ಕೊನೆಗೆ ಒಂದು ವರ್ಷ ದಾಟಿದ ಮೇಲೆ ಬೇರೆ ವೈದ್ಯರೊಬ್ಬರು ಎರಡು ನಿಮಿಷ ಅವಳ ಆಟ ನೋಡಿ ಎಂಆರ್‌ಐಗೆ ಬರೆದರು. ಹುಟ್ಟುವ ಆಸುಪಾಸಿನಲ್ಲೇ ಮಿದುಳಿನ ಬಲಭಾಗಕ್ಕೆ ಪಾರ್ಶ್ವವಾಯು ಆಗಿತ್ತು. ಗರ್ಭದಲ್ಲಿ, ಹೆರಿಗೆಯಲ್ಲಿ ಕೂಡ ಪಾರ್ಶ್ವವಾಯು ಆಗಬಹುದು ಎಂಬುದೇ ನಮಗೆ ಗೊತ್ತಿರಲಿಲ್ಲ.

ಆಮೇಲೆ ನಡೆದದ್ದು ಆಟದಂತೆಯೇ ಕಾಣುವ ಕೆಲಸ. ಚೆನ್ನಾಗಿರುವ ಬಲಗೈಗೆ ದಿನಕ್ಕೆ ಕೆಲ ಹೊತ್ತು ಮೆತ್ತನೆಯ ಚೀಲ ತೊಡಿಸಿ, ಎಡಗೈಯಲ್ಲೇ ಮಂಡಕ್ಕಿ ಹೆಕ್ಕಿಸುವುದು, ನೀರು ಹಿಂಡಿಸುವುದು. ಅವಳು ಕಿರುಚುತ್ತಿದ್ದಳು, ನಾನು ಅಡುಗೆಮನೆಗೆ ಹೋಗಿ ಅತ್ತು ಬರುತ್ತಿದ್ದೆ. ಈಗ ಎರಡನೇ ತರಗತಿ. ಎಡಗೈಯಲ್ಲಿ ಪುಸ್ತಕ ಒತ್ತಿ ಹಿಡಿದು ಬಲಗೈಯಲ್ಲಿ ಬರೆಯುತ್ತಾಳೆ. ಜಡೆ ಹೆಣೆದುಕೊಳ್ಳಲು ಇನ್ನೂ ಆಗುವುದಿಲ್ಲ. ಕ್ರಾಪ್ ಮಾಡಿಸಿದ್ದೇವೆ, ಅವಳಿಗೆ ಅದೇ ಇಷ್ಟ.

ಒಂದು ವರ್ಷದೊಳಗೆ ಮಗು ಒಂದೇ ಕೈ ಬಳಸಿದರೆ ಹೊಗಳಬೇಡಿ, ತೋರಿಸಿ.

ದಾವಣಗೆರೆ ಡಾಕ್ಟರ್

ನೀಲಿಹೂವು ಅವರ ಕೊನೆಯ ಸಾಲನ್ನು ಪ್ರತಿ ಲಸಿಕಾ ಕೇಂದ್ರದ ಗೋಡೆಯ ಮೇಲೆ ಬರೆಸಬೇಕು. ಕೈಯ ಒಲವು ಅಷ್ಟು ಬೇಗ ಗೊತ್ತಾಗಬಾರದು. ಗೊತ್ತಾದರೆ ಇನ್ನೊಂದು ಕೈಗೆ ಏನಾಗಿದೆ ಎಂದು ಕೇಳಬೇಕು.

ಗಡಿನಾಡ ಗುಂಡ, ಬಳ್ಳಾರಿ

ಅಕ್ಕ, ಆ ಅರ್ಥದಲ್ಲಿ ನಾನು ಹೇಳಲಿಲ್ಲ. ಮಗಳಿಗೆ ಒಳ್ಳೆಯದಾಗಲಿ. ಆದರೆ ನಿಮ್ಮ ವಿಷಯ ಬೇರೆ, ಎಲ್‌ಕೆಜಿ ಹುಡುಗ ಪೆನ್ಸಿಲು ಸರಿಯಾಗಿ ಹಿಡಿಯದಿರುವುದು ಬೇರೆ ಎಂಬ ನನ್ನ ಮಾತು ಹಾಗೇ ಇದೆ.

ಅಂಗನವಾಡಿ ಟೀಚರ್, ಕೊಪ್ಪಳ ಜಿಲ್ಲೆ

ಬೇರೆ ಬೇರೆ ಹೌದು. ಆದರೆ ಯಾವುದು ಯಾವುದು ಎಂದು ತಿಳಿಯುವುದು ತೋರಿಸಿದ ಮೇಲೆ ತಾನೇ ಸರ್? ದುಡ್ಡಿಲ್ಲದವರಿಗೂ ದಾರಿ ಇದೆ ಎಂದು ಹೇಳಲು ಬರೆಯುತ್ತಿದ್ದೇನೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾದದ್ದು. ಅದರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬರಬೇಕು. ಬೆಳವಣಿಗೆಯಲ್ಲಿ ಹಿಂದಿದ್ದಾರೆ ಎನಿಸಿದ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಕಳುಹಿಸುತ್ತಾರೆ. ಅಲ್ಲಿ ಹಣ ಕೇಳುವಂತಿಲ್ಲ. ತಾಯಿ ಕಾರ್ಡನ್ನು ಲಸಿಕೆಯ ಪುಟ ಬಿಟ್ಟು ಯಾರೂ ತೆರೆಯುವುದಿಲ್ಲ. ಯಾವ ತಿಂಗಳಿಗೆ ಮಗು ಏನು ಮಾಡಬೇಕು ಎಂದು ಚಿತ್ರ ಸಮೇತ ಅದರಲ್ಲೇ ಇದೆ.

ನಮ್ಮಲ್ಲಿ ಮೊಟ್ಟೆ ಕೊಟ್ಟ ದಿನ ಮಕ್ಕಳೇ ಸಿಪ್ಪೆ ಬಿಡಿಸಬೇಕು ಎಂದು ನಾನು ಕಾಯಿದೆ ಮಾಡಿದ್ದೇನೆ. ಮೂರು ವರ್ಷದವರು ಅರ್ಧ ಮೊಟ್ಟೆಯನ್ನೂ ಕಿತ್ತು ಹಾಕುತ್ತಾರೆ, ಐದು ವರ್ಷದವರು ನುಣ್ಣಗೆ ಬಿಡಿಸುತ್ತಾರೆ. ಯಾರ ಬೆರಳು ಹೇಗಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ಪೋಷಕರು ಮಾತ್ರ ಬಾಗಿಲಲ್ಲಿ ನಿಂತು, ‘ಬರೀ ಆಡಿಸುತ್ತೀರಿ, ಎಬಿಸಿಡಿ ಯಾವಾಗ ಬರೆಸುತ್ತೀರಿ’ ಎನ್ನುತ್ತಾರೆ. ಬರೆಸುವುದಿಲ್ಲ ಎಂದರೆ ಕಾನ್ವೆಂಟಿನ ವ್ಯಾನ್ ಹತ್ತಿಸುತ್ತಾರೆ.

ಮ್ಯೂನಿಕ್ ಮಾವ

ಇಲ್ಲಿ ಜರ್ಮನಿಯಲ್ಲಿ ಆರು ತುಂಬುವವರೆಗೆ ಕಿಂಡರ್‌ಗಾರ್ಟನ್. ಬರವಣಿಗೆಯ ಪಾಠವೇ ಇಲ್ಲ. ಮರ ಹತ್ತುತ್ತಾರೆ, ಕತ್ತರಿಯಲ್ಲಿ ಕಾಗದ ಕತ್ತರಿಸುತ್ತಾರೆ, ಪೆಡಲ್ ಇಲ್ಲದ ಪುಟ್ಟ ಸೈಕಲ್ಲನ್ನು ಕಾಲಿನಲ್ಲಿ ತಳ್ಳಿಕೊಂಡು ಓಡುತ್ತಾರೆ. ಮಳೆ ಬಂದರೂ ಹೊರಗೇ. ಊರಿನಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ: ‘ಮೊಮ್ಮಗ ಇನ್ನೂ ಬರೆಯುವುದಿಲ್ಲವೇ?’

ಪುಸ್ತಕದ ಹುಳು, ಧಾರವಾಡ

ಚೆನ್ನಾಗಿದೆ ಸರ್, ಆದರೆ ಇಲ್ಲಿ ಸೀಟು ಸಿಗಬೇಕಲ್ಲ. ಒಂದನೇ ತರಗತಿಗೆ ಆರು ವರ್ಷ ಎಂದು ನಿಯಮ ತಂದರೆ ಪೋಷಕರೇ ಗಲಾಟೆ ಮಾಡಿದರು, ಸರ್ಕಾರ 2025-26ನೇ ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಇಳಿಸಿತು. ಮಗು ಒಂದು ವರ್ಷ ಹೆಚ್ಚು ಆಡಿದರೆ ‘ವರ್ಷ ಹಾಳಾಯಿತು’ ಎನ್ನುತ್ತೇವೆ. ಶಾಲೆಗಳಿಗೆ ಮಾತ್ರ ಬೈದರೆ ಪ್ರಯೋಜನವಿಲ್ಲ. ಎಲ್‌ಕೆಜಿಯಲ್ಲಿ ಕಾಪಿ ಪುಸ್ತಕ ಇಲ್ಲದ ಶಾಲೆಗೆ ನಾವೇ ಸೇರಿಸುವುದಿಲ್ಲ.

ಎಡಚ, ಮಂಡ್ಯ

ಎಡಗೈ ಮಕ್ಕಳ ವಿಷಯ ಬಂದಿದ್ದರಿಂದ ಕೇಳುತ್ತೇನೆ. ಮಗಳಿಗೆ ಐದು, ಎಲ್ಲವೂ ಎಡಗೈ. ಶಾಲೆಯಲ್ಲಿ ಪೆನ್ಸಿಲನ್ನು ಬಲಗೈಗೆ ಬದಲಿಸುತ್ತಾರೆ. ನನಗೂ ಹಾಗೇ ಮಾಡಿದ್ದರು, ಬೆರಳ ಗಂಟಿನ ಮೇಲೆ ಸ್ಕೇಲಿನಲ್ಲಿ.

ಥೆರಪಿ ಕೋಣೆ, ಬೆಂಗಳೂರು

ಬದಲಿಸಬಾರದು. ಹತ್ತು ಜನರಲ್ಲಿ ಒಬ್ಬರು ಎಡಚರು, ಐದು ವರ್ಷಕ್ಕೆ ಎಲ್ಲವೂ ಎಡಗೈ ಎಂದರೆ ಅದು ನೆಲೆಯಾದ ಒಲವು. ಪುಸ್ತಕದ ಮೇಲ್ತುದಿಯನ್ನು ಸ್ವಲ್ಪ ಬಲಕ್ಕೆ ಓರೆಯಾಗಿಡಲಿ, ಪೆನ್ಸಿಲನ್ನು ತುದಿಯಿಂದ ಎರಡು ಮೂರು ಸೆಂಟಿಮೀಟರ್ ಮೇಲೆ ಹಿಡಿಯಲಿ. ಬರೆದದ್ದು ಆಗ ಕಾಣುತ್ತದೆ, ಮಣಿಕಟ್ಟು ಕೊಕ್ಕೆಯಂತೆ ಬಾಗುವುದಿಲ್ಲ. ಬೆಂಚಿನ ಎಡತುದಿಯಲ್ಲಿ ಕೂರಿಸಿದರೆ ಪಕ್ಕದವರ ಮೊಣಕೈ ತಾಗುವುದಿಲ್ಲ. ಊಟ ಬಲಗೈಯಲ್ಲಿ ಆಗಬೇಕು ಎಂದು ಮನೆಯಲ್ಲಿ ಹಿರಿಯರ ಒತ್ತಾಯ ಇದ್ದರೆ ಅದು ನಿಮ್ಮ ಮನೆಯ ರಾಜಕೀಯ, ನಾನು ಕೈ ಹಾಕುವುದಿಲ್ಲ.

ಕಾವೇರಿತೀರ, ಮೈಸೂರು

ತೋರಿಸಿಕೊಂಡು ಬಂದೆವು. ಸ್ನಾಯುಗಳು ಸರಿ ಇವೆ, ಕೀಲುಗಳು ಮಾತ್ರ ಸಾಮಾನ್ಯಕ್ಕಿಂತ ಸಡಿಲ ಎಂದರು. ಹೆಬ್ಬೆರಳನ್ನು ಹಿಂದಕ್ಕೆ ಬಾಗಿಸಿದರೆ ಮುಂಗೈಗೆ ತಾಗುತ್ತದೆ. ಅಪ್ಪನದೂ ಹಾಗೇ ಎಂದು ಅಲ್ಲೇ ತಿಳಿಯಿತು, ಅತ್ತೆ ಗೆದ್ದ ನಗೆ ನಕ್ಕರು. ಸಡಿಲ ಕೀಲನ್ನು ಹಿಡಿದಿಡಲು ಸ್ನಾಯು ಹೆಚ್ಚು ದುಡಿಯಬೇಕು, ಅದಕ್ಕೇ ಬೇಗ ದಣಿವು, ಅದಕ್ಕೇ ಗಟ್ಟಿ ಮುಷ್ಟಿ. ಕಣ್ಣಿಗೆ ಕನ್ನಡಕದ ಬರಹ ಕೊಟ್ಟಿದ್ದಾರೆ. ಮೆಟ್ಟಿಲ ಅಂಚು ಅವನಿಗೆ ಸ್ಪಷ್ಟವಾಗಿ ಕಾಣುತ್ತಲೇ ಇರಲಿಲ್ಲವಂತೆ. ಐದು ತುಂಬಿದಾಗ ಮತ್ತೆ ನೋಡೋಣ, ಅಲ್ಲಿಯವರೆಗೆ ತಿಂಗಳಿಗೊಮ್ಮೆ ಥೆರಪಿಸ್ಟ್ ಮನೆಯಲ್ಲಿ ಮಾಡಬೇಕಾದ್ದನ್ನು ಹೇಳಿಕೊಡುತ್ತಾರೆ.

ಶಾಲೆಗೆ ಚೀಟಿ ಒಯ್ದೆ. ಮುಖ್ಯೋಪಾಧ್ಯಾಯಿನಿ ಮುಖ ಗಂಟಿಕ್ಕಿದರು, ತರಗತಿಯ ಟೀಚರ್ ಮಾತ್ರ ಒಪ್ಪಿದರು. ಕಾಪಿ ಬದಲು ಸ್ಲೇಟು, ‘ಅ’ ಬದಲು ‘ರ’. ಅವನು ಮನೆಗೆ ಬಂದು ಗೋಡೆಯ ಹಾಳೆಯ ತುಂಬ ‘ರ’ ತುಂಬಿಸಿದ್ದಾನೆ, ಕೆಲವು ತಲೆಕೆಳಗಾಗಿವೆ. ಮೇಷ್ಟ್ರೇ, ಗಿಡ್ಡ ಬಳಪ ಅಂಗಡಿಯಲ್ಲಿ ಸಿಗುವುದಿಲ್ಲ, ಎಲ್ಲ ಉದ್ದದ್ದೇ.

ನಿವೃತ್ತ ಮೇಷ್ಟ್ರು, ಹಾವೇರಿ

ಮುರಿಯಿರಿ ತಾಯಿ. ನಮ್ಮ ಕಾಲದಲ್ಲಿ ಅವೇ ಮುರಿಯುತ್ತಿದ್ದವು.

ಹಸಿರುಬಳೆ, ಯಾದಗಿರಿ

ಇಷ್ಟೆಲ್ಲ ಓದಿ ಧೈರ್ಯ ಮಾಡಿ ಬರೆಯುತ್ತಿದ್ದೇನೆ. ತಮ್ಮನ ಮಗನಿಗೆ ಇಪ್ಪತ್ತು ತಿಂಗಳು, ಇನ್ನೂ ನಡೆಯುವುದಿಲ್ಲ. ಹಿಡಿದುಕೊಂಡು ನಿಲ್ಲುತ್ತಾನೆ. ಗಂಡುಮಕ್ಕಳು ತಡ, ಎರಡು ವರ್ಷದವರೆಗೆ ನೋಡೋಣ ಎನ್ನುತ್ತಿದ್ದಾರೆ. ಏಳನೇ ತಿಂಗಳಿಗೆ ಹುಟ್ಟಿದ ಮಗು.

ದಾವಣಗೆರೆ ಡಾಕ್ಟರ್

ಏಳು ತಿಂಗಳಿಗೆ ಹುಟ್ಟಿದ್ದರೆ ಎರಡು ವರ್ಷದವರೆಗೆ ವಯಸ್ಸನ್ನು ತಿದ್ದಿ ಲೆಕ್ಕ ಹಾಕಬೇಕು. ಎರಡು ತಿಂಗಳು ಕಳೆದರೆ ಹದಿನೆಂಟು. ಹಾಗೆ ಕಳೆದರೂ ನಡಿಗೆಗೆ ಹೇಳಿದ 17.6 ತಿಂಗಳ ಗಡಿ ದಾಟಿದೆ. ಅವಧಿಗೆ ಮುನ್ನ ಹುಟ್ಟಿದ ಮಗುವಿನಲ್ಲಿ ಇದನ್ನು ಎರಡು ವರ್ಷದವರೆಗೆ ಮುಂದೂಡಬಾರದು. ಗಂಡು ಹೆಣ್ಣು ಎಂಬ ಲೆಕ್ಕ ಇಲ್ಲಿ ಬೇಡ. ಈ ವಾರವೇ ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರಕ್ಕೆ ಕರೆದೊಯ್ಯಿರಿ. ತಾಯಿ ಕಾರ್ಡ್, ಹುಟ್ಟಿದಾಗಿನ ಡಿಸ್ಚಾರ್ಜ್ ಚೀಟಿ ಎರಡೂ ಇರಲಿ. ನಿಂತಾಗ ಹಿಮ್ಮಡಿ ನೆಲಕ್ಕೆ ತಾಗುತ್ತದೆಯೇ, ಡಯಾಪರ್ ಬದಲಿಸುವಾಗ ಕಾಲು ಬಿಗಿಯಾಗಿ ಕತ್ತರಿಯಂತೆ ಹೆಣೆದುಕೊಳ್ಳುತ್ತದೆಯೇ, ಇವೆರಡನ್ನೂ ಗಮನಿಸಿ ಅಲ್ಲಿ ಹೇಳಿ. ಮೊಬೈಲಿನಲ್ಲಿ ಅವನು ತೆವಳುವ, ನಿಲ್ಲುವ ವಿಡಿಯೊ ಮಾಡಿಕೊಂಡು ಹೋಗಿ. ಆಸ್ಪತ್ರೆಯಲ್ಲಿ ಅಳುವ ಮಗು ಏನನ್ನೂ ಮಾಡಿ ತೋರಿಸುವುದಿಲ್ಲ.

ಹಸಿರುಬಳೆ, ಯಾದಗಿರಿ

ಹಿಮ್ಮಡಿ ತಾಗುವುದಿಲ್ಲ ಸರ್. ಸೋಮವಾರ ನಾನೇ ಕರೆದುಕೊಂಡು ಹೋಗುತ್ತೇನೆ.